ಮೀನು ಆರಾಮಾಗಿತ್ತು, ಬಸವನಹುಳು ಉಳಿಯಲಿಲ್ಲ: 60 ಲೀಟರ್ ಹವಳದ ಟ್ಯಾಂಕಿನ ಒಂದು ಪ್ರಕರಣ

ಏಪ್ರಿಲ್ ಮೊದಲ ವಾರದ ಒಂದು ಬೆಳಿಗ್ಗೆ ಟ್ಯಾಂಕಿನ ಮರಳಿನ ಮೇಲೆ ನಾಲ್ಕು ಬಸವನಹುಳುಗಳು ಅಂಗಾತ ಬಿದ್ದಿದ್ದವು. ಎರಡು ದಿನದ ಹಿಂದೆ ಅವು ಗಾಜಿನ ಮೇಲೆ ಪಾಚಿ ಮೇಯುತ್ತಿದ್ದದ್ದನ್ನು ನೋಡಿದ್ದೆ. ಒಂದೊಂದನ್ನೇ ಎತ್ತಿ ಮೂಸಿದೆ. ನಾಲ್ಕೂ ಸತ್ತಿದ್ದವು. ಅವುಗಳ ಪಕ್ಕದಲ್ಲೇ ಎರಡು ಕ್ಲೌನ್ ಮೀನುಗಳು ಎಂದಿನ ಹಾಗೆ ಮೈ ಕುಣಿಸುತ್ತಾ ತಿಂಡಿಗೆ ಕಾಯುತ್ತಿದ್ದವು. ಈ ಎರಡನ್ನೂ ಒಟ್ಟಿಗೆ ನೋಡಿದಾಗಲೇ ಕಾರಣ ಹೊಳೆಯಬೇಕಿತ್ತು. ಹೊಳೆಯಲು ಇನ್ನೂ ಹನ್ನೆರಡು ದಿನ ಹಿಡಿಯಿತು. ಅಷ್ಟರಲ್ಲಿ ಕ್ಲೀನರ್ ಸೀಗಡಿಯೂ ಹೋಯಿತು.

ಚಿಕ್ಕ ಟ್ಯಾಂಕ್ ಇಟ್ಟಿರುವ ಇನ್ನೊಬ್ಬರಿಗೆ ಆ ಹನ್ನೆರಡು ದಿನ ಉಳಿಯಲಿ ಅಂತ ಇದನ್ನು ಪೂರ್ತಿ ಬರೆಯುತ್ತಿದ್ದೇನೆ.

ಟ್ಯಾಂಕ್ ಹೇಗಿತ್ತು

ನಮ್ಮದು ಬೆಂಗಳೂರಿನಲ್ಲಿ ಮೂರನೇ ಮಹಡಿಯ ಫ್ಲಾಟ್. ಹಾಲ್‌ನ ಮೂಲೆಯಲ್ಲಿ ಎರಡು ಅಡಿ ಉದ್ದದ ಟ್ಯಾಂಕ್. ಕಲ್ಲು ಮತ್ತು ಮರಳು ಹಿಡಿದ ಜಾಗ ಬಿಟ್ಟರೆ ಅದರಲ್ಲಿ ಇರುವ ನೀರು 60 ಲೀಟರ್. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಹತ್ತಿರ ಒಮ್ಮೆ ನೀರಿಗಿಳಿದಿದ್ದೆ. ಹವಳದ ಹುಚ್ಚು ಹಿಡಿದದ್ದು ಅಲ್ಲಿ. ಆದರೆ ಅಲ್ಲಿಂದ ಒಂದು ಚೂರೂ ತರುವಂತಿಲ್ಲ, ತರಲೂಬಾರದು. ನಮ್ಮ ದೇಶದಲ್ಲಿ ಗಟ್ಟಿ ಹವಳಗಳೆಲ್ಲ, ಜೊತೆಗೆ ಕಪ್ಪು ಹವಳ, ಸೀ ಫ್ಯಾನ್, ಫೈರ್ ಕೋರಲ್, ಆರ್ಗನ್ ಪೈಪ್ ಕೋರಲ್ ಕೂಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿ, ಆನೆ ಇರುವ ಪಟ್ಟಿ ಅದು. ಹಾಗಾಗಿ ನನ್ನ ಹತ್ತಿರ ಇರುವುದು ಸಾಫ್ಟ್ ಕೋರಲ್ ಮತ್ತು ಅವುಗಳ ನೆಂಟರು ಮಾತ್ರ: ಜೋವಾಂಥಿಡ್, ಮಶ್ರೂಮ್, ಒಂದು ಲೆದರ್ ಕೋರಲ್, ಮುಷ್ಟಿ ಬಿಚ್ಚಿ ಮುಚ್ಚಿದಂತೆ ಸದಾ ಮಿಡಿಯುವ ಕ್ಸೀನಿಯಾ. ಎಲ್ಲವೂ ಒಬ್ಬ ಗೆಳತಿಯ ಟ್ಯಾಂಕಿನಿಂದ ಬಂದ ತುಂಡುಗಳಿಂದ ಬೆಳೆದವು.

ಒಂದೂವರೆ ವರ್ಷ ಎಲ್ಲ ಸರಿಯಾಗಿತ್ತು. ಉಪ್ಪಿನಂಶ 35, ಅಂದರೆ ಸಾವಿರಕ್ಕೆ 35 ಪಾಲು, ಸಮುದ್ರದಷ್ಟೇ. ಕೆಎಚ್ (ನೀರಿನಲ್ಲಿರುವ ಕಾರ್ಬೊನೇಟ್‌ಗಳ ಅಳತೆ) 8 ಡಿಗ್ರಿ. ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕ್ಯಾಲ್ಸಿಯಂ 420, ಮೆಗ್ನೀಸಿಯಂ 1300, ನೈಟ್ರೇಟ್ 5. ವಾರಕ್ಕೊಮ್ಮೆ 6 ಲೀಟರ್ ನೀರು ಬದಲಿಸುತ್ತಿದ್ದೆ. ಉಪ್ಪು ಕಲಸಲು, ದಿನಾ ಆವಿಯಾದ ನೀರು ತುಂಬಲು, ಎರಡಕ್ಕೂ ಅಡುಗೆಮನೆಯ ಆರ್‌ಒ ನೀರನ್ನೇ ಬಳಸುತ್ತಿದ್ದೆ. ನಮ್ಮ ಅಪಾರ್ಟ್‌ಮೆಂಟಿಗೆ ಬರುವುದು ಬೋರ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್ ನೀರು. ಅದನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಸುಣ್ಣದ ಪದರ ನಿಲ್ಲುತ್ತದೆ. ಆರ್‌ಒ ಮಾಡಿದ ಮೇಲೆ ಸುಣ್ಣವೆಲ್ಲ ಹೋಗುತ್ತದೆ ಎಂಬ ನಂಬಿಕೆ ನನ್ನದು.

ಮಾರ್ಚ್

ಎರಡನೇ ವಾರದಲ್ಲಿ ಕ್ಸೀನಿಯಾ ಮಿಡಿಯುವುದನ್ನು ನಿಲ್ಲಿಸಿತು. ಇದೊಂದೇ ಆಗಿದ್ದರೆ ಚಿಂತೆ ಮಾಡಬೇಕಿರಲಿಲ್ಲ. ಕ್ಸೀನಿಯಾ ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ ಸುಮ್ನೆ ನಿಂತುಬಿಡುತ್ತದೆ. ಆದರೆ ಒಂದು ವಾರ ಬಿಟ್ಟು ಜೋವಾಂಥಿಡ್‌ಗಳು ಅರ್ಧ ಮುಚ್ಚಿಕೊಂಡವು. ಪಂಪು ಗೊರಗೊರ ಶಬ್ದ ಮಾಡತೊಡಗಿತು. ಬಿಚ್ಚಿ ನೋಡಿದರೆ ಒಳಗಿನ ಚಕ್ರಕ್ಕೆ ಬಿಳಿ ಪದರ ಕಟ್ಟಿತ್ತು. ವಿನಿಗರ್‌ನಲ್ಲಿ ನೆನೆಸಿ ತೊಳೆದು ಹಾಕಿದೆ. ಆ ಪದರ ಏನು ಹೇಳುತ್ತಿದೆ ಅಂತ ಯೋಚಿಸಲಿಲ್ಲ.

ಪಿಎಚ್ ನೋಡಿದೆ. ಬೆಳಿಗ್ಗೆ 7.7, ಸಂಜೆ 7.9. ಸಮುದ್ರದ್ದು 8.1ರ ಆಸುಪಾಸು. ಇದೇ ಕಾರಣ ಅಂದುಕೊಂಡು ಅರ್ಧ ಟೀ ಚಮಚ ಅಡುಗೆ ಸೋಡಾ ಕರಗಿಸಿ ಹಾಕಿದೆ. ಕೆಎಚ್ ಅಳೆಯದೆ ಹಾಕಿದೆ. ಈ ಪ್ರಕರಣದಲ್ಲಿ ನಾನು ಮಾಡಿದ ಮೊದಲ ತಪ್ಪು ಅದು.

ಅಡುಗೆ ಸೋಡಾ ಪಿಎಚ್ ಅನ್ನು ಹೆಚ್ಚೇನೂ ಏರಿಸುವುದಿಲ್ಲ. ಅದು ಏರಿಸುವುದು ಕೆಎಚ್ ಅನ್ನು. ಕೆಎಚ್ ಅಂದರೆ ನೀರಿನಲ್ಲಿರುವ ಬೈಕಾರ್ಬೊನೇಟ್, ಕಾರ್ಬೊನೇಟ್‌ಗಳ ಅಳತೆ. ಗಟ್ಟಿ ಹವಳ, ಬಸವನಹುಳು, ಕಲ್ಲಿನ ಮೇಲಿನ ನೇರಳೆ ಬಣ್ಣದ ಕೋರಲೈನ್ ಪಾಚಿ, ಎಲ್ಲವೂ ಸುಣ್ಣದ ಮೈ ಕಟ್ಟಿಕೊಳ್ಳುವುದು ಇದರಿಂದ ಮತ್ತು ಕ್ಯಾಲ್ಸಿಯಂನಿಂದ. 60 ಲೀಟರಿಗೆ ಅರ್ಧ ಚಮಚ ಸೋಡಾ ಹಾಕಿದರೆ ಕೆಎಚ್ ಸುಮಾರು ಒಂದೂವರೆ ಡಿಗ್ರಿ ಮೇಲೇಳುತ್ತದೆ. ಒಂದೇ ದಿನಕ್ಕೆ ಅಷ್ಟು ಜಿಗಿತ ಜಾಸ್ತಿಯಾಯಿತು.

ನಮ್ಮ ಪಿಎಚ್ ಯಾಕೆ ಕಡಿಮೆ ಇತ್ತು ಅನ್ನುವುದು ಆಮೇಲೆ ತಿಳಿಯಿತು. ಒಂದು ಲೋಟ ಟ್ಯಾಂಕಿನ ನೀರನ್ನು ಬಾಲ್ಕನಿಗೆ ಒಯ್ದು ಒಂದು ಗಂಟೆ ಗಾಳಿ ಗುಳ್ಳೆ ಬಿಟ್ಟೆ. 7.8 ಇದ್ದದ್ದು 8.1 ಆಯಿತು. ನೀರಿನ ಕೆಎಚ್ ಬದಲಾಗಿಲ್ಲ, ಗಾಳಿ ಮಾತ್ರ ಬದಲಾಯಿತು. ಸಂಜೆ ಆರಕ್ಕೆ ಸೊಳ್ಳೆ ಬರುತ್ತದೆ ಅಂತ ಕಿಟಕಿ ಮುಚ್ಚುತ್ತೇವೆ. ರಾತ್ರಿಯೆಲ್ಲ ಮೂವರ ಉಸಿರಿನ ಇಂಗಾಲದ ಡೈಆಕ್ಸೈಡ್ ಮನೆಯೊಳಗೇ ನಿಂತು ನೀರಿಗೆ ಇಳಿಯುತ್ತದೆ. ಇದಕ್ಕೆ ಬೇಕಿದ್ದದ್ದು ಸೊಳ್ಳೆ ಪರದೆ ಹಾಕಿದ ಒಂದು ಕಿಟಕಿ, ಅಷ್ಟೇ.

ಮಾರ್ಚ್ ಕೊನೆಗೆ ಎಲ್ಲವನ್ನೂ ಅಳೆದೆ. ಕೆಎಚ್ 11.5. ನೈಟ್ರೇಟ್ 20. ಕೆಎಚ್ ಇಷ್ಟು ಏರಿದ್ದಕ್ಕೆ ಸೋಡಾ ಒಂದೇ ಸಾಕಾಗುವುದಿಲ್ಲ, ಲೆಕ್ಕದಲ್ಲಿ ಇನ್ನೂ ಎರಡು ಡಿಗ್ರಿ ಎಲ್ಲಿಂದಲೋ ಬಂದಿತ್ತು. ನೈಟ್ರೇಟ್‌ಗೆ ಮಾತ್ರ ಉತ್ತರ ಸಿಕ್ಕಿತು ಅಂದುಕೊಂಡೆ: ಮೀನಿಗೆ ತಿಂಡಿ ಹೆಚ್ಚಾಗಿದೆ. ತಿಂಡಿ ಅರ್ಧ ಮಾಡಿ, 15 ಲೀಟರ್ ನೀರು ಬದಲಿಸಿದೆ.

ಮಾರನೇ ದಿನ ಜೋವಾಂಥಿಡ್‌ಗಳು ಪೂರ್ತಿ ಮುಚ್ಚಿದ್ದವು. ಅದಾಗಿ ಮೂರನೇ ದಿನಕ್ಕೆ ಬಸವನಹುಳು ಬಿದ್ದವು. ಗಾಬರಿಯಲ್ಲಿ ಇನ್ನೂ 15 ಲೀಟರ್ ಬದಲಿಸಿದೆ. ಸೀಗಡಿ ಅರ್ಧ ಪೊರೆ ಕಳಚಿದ ಸ್ಥಿತಿಯಲ್ಲೇ ಸತ್ತಿತು. ಅದನ್ನು ಎತ್ತಿ ಹಾಕುವಾಗ ಕೈ ನಡುಗಿತು. ಅಮ್ಮ ಟೀಪಾಯಿ ಮೇಲೆ ಕೈ ಇಟ್ಟರೆ ಗಾಜಿನ ಹತ್ತಿರ ಓಡಿ ಬರುತ್ತಿದ್ದ ಸೀಗಡಿ ಅದು.

ನೀರು ಬದಲಿಸಿದರೆ ಯಾಕೆ ಹೆಚ್ಚಾಗುತ್ತಿದೆ?

ಉಪ್ಪುನೀರಿನ ಟ್ಯಾಂಕಿನಲ್ಲಿ ಏನೇ ಕೆಟ್ಟರೂ ಮೊದಲು ನೀರು ಬದಲಿಸು ಅನ್ನುತ್ತಾರೆ. ಒಳ್ಳೆಯ ಸಲಹೆಯೇ. ನನ್ನಲ್ಲಿ ಮಾತ್ರ ಪ್ರತಿ ಸಲ ಬದಲಿಸಿದ ಮಾರನೇ ದಿನ ಸ್ಥಿತಿ ಇನ್ನೂ ಕೆಟ್ಟಿತು. ಅಲ್ಲಿಗೆ ಅನುಮಾನ ಹಳೇ ನೀರಿನಿಂದ ಹೊಸ ನೀರಿನ ಕಡೆ ಹೊರಳಬೇಕು, ಅಲ್ವಾ? ನಾನು ಅನುಮಾನಪಟ್ಟಿದ್ದು ಉಪ್ಪಿನ ಪುಡಿಯನ್ನು. ಗೆಳತಿಯೂ ಅದೇ ಡಬ್ಬದ ಉಪ್ಪನ್ನೇ ಬಳಸುತ್ತಿದ್ದಳು. ಅವಳ ಟ್ಯಾಂಕ್ ಚೆನ್ನಾಗಿತ್ತು. ಕ್ಸೀನಿಯಾದ ಅರ್ಧ ಗೊಂಚಲನ್ನು ಅವಳ ಮನೆಗೆ ಒಯ್ದು ಬಿಟ್ಟು ಬಂದೆ. ಅವಳ ನೀರಿನ ಪಿಎಚ್ ನನ್ನದರಷ್ಟೇ ಕಡಿಮೆ. ನೈಟ್ರೇಟ್ 15, ನನ್ನದಕ್ಕಿಂತ ಹೆಚ್ಚೇನೂ ದೂರವಿಲ್ಲ. ನಾಲ್ಕನೇ ದಿನ ಅವಳು ವಿಡಿಯೋ ಕಳಿಸಿದಳು. ಕ್ಸೀನಿಯಾ ಮಿಡಿಯುತ್ತಿತ್ತು. ಇಲ್ಲಿ ಉಳಿದ ಅರ್ಧ ಕರಗುತ್ತಿತ್ತು.

ಪಿಎಚ್ ಅಲ್ಲ, ನೈಟ್ರೇಟ್ ಅಲ್ಲ, ಉಪ್ಪು ಅಲ್ಲ. ಕೆಎಚ್ 11.5 ಒಳ್ಳೆಯದಲ್ಲ, ಆದರೆ ಅದಕ್ಕೆ ಬಸವನಹುಳು ಸಾಯುವುದಿಲ್ಲ.

ಅದೇ ವಾರ ತೀರ್ಥಹಳ್ಳಿ ಕಡೆ ತೋಟ ಇರುವ ಚಿಕ್ಕಪ್ಪ ಫೋನ್ ಮಾಡಿದ್ದರು. ಮಳೆಗಾಲಕ್ಕೆ ಅಡಿಕೆಗೆ ಕೊಳೆ ಔಷಧಿ ಹೊಡೆಸಬೇಕಲ್ಲ, ಮೈಲುತುತ್ತದ ರೇಟು ಬೆಂಗಳೂರಲ್ಲಿ ಎಷ್ಟಿದೆ ನೋಡು ಅಂತ. ಮಾತಿನ ನಡುವೆ ಟ್ಯಾಂಕಿನ ಕಥೆ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು ಕೇಳಿದರು: "ಮೀನಿಗೆ ಏನೂ ಆಗ್ಲಿಲ್ಲ, ಬಸವನಹುಳು ಮಾತ್ರ ಸತ್ತಿದ್ದಾ? ಮೈಲುತುತ್ತ ಗಿಯ್‌ಲುತುತ್ತ ಏನಾದ್ರೂ ಬಿತ್ತೇನೆ ಮಾರಾಯ್ತಿ ನಿನ್ನ ತೊಟ್ಟಿಗೆ? ನಾವು ಬಸವನಹುಳದ ಕಾಟ ಇದ್ದಲ್ಲಿ ಅದನ್ನೇ ಅಲ್ವಾ ಹಾಕೋದು."

ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಹಾಕಿದರೆ ಬೋರ್ಡೋ ದ್ರಾವಣ. ಮಲೆನಾಡಿನ ಮಕ್ಕಳು ಇದನ್ನು ನೋಡುತ್ತಲೇ ಬೆಳೆಯುತ್ತಾರೆ. ಸಮುದ್ರದಲ್ಲಿ ಹಡಗುಗಳ ತಳಕ್ಕೆ ತಾಮ್ರ ಸೇರಿಸಿದ ಬಣ್ಣ ಬಳಿಯುವುದೂ ಚಿಪ್ಪಿನ ಜೀವಿಗಳು ಅಂಟದಿರಲಿ ಅಂತಲೇ. ಮೀನುಗಳಿಗೆ ಬಿಳಿ ಚುಕ್ಕೆ ರೋಗ ಬಂದಾಗ ಬೇರೆ ಟ್ಯಾಂಕಿನಲ್ಲಿ ಇಟ್ಟು ಲೀಟರಿಗೆ 0.15ರಿಂದ 0.2 ಮಿಲಿಗ್ರಾಂ ತಾಮ್ರದ ಔಷಧಿ ಕೊಡುತ್ತಾರೆ. ಮೀನು ಬದುಕುತ್ತದೆ. ಅದೇ ನೀರಿನಲ್ಲಿ ಸೀಗಡಿ, ಬಸವನಹುಳು, ಹವಳ ಬದುಕುವುದಿಲ್ಲ. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಆದರೆ ಟ್ಯಾಂಕಿಗೆ ಔಷಧಿಯನ್ನೇ ಹಾಕಿರದಿದ್ದರಿಂದ ತಾಮ್ರದ ಯೋಚನೆ ಬರಲಿಲ್ಲ.

ಹಾಗಾದರೆ ತಾಮ್ರ ಎಲ್ಲಿಂದ? ಅಮ್ಮನನ್ನು ಕೇಳಿದೆ, ಮನೆಯಲ್ಲಿ ಏನಾದರೂ ಬದಲಾಗಿದೆಯಾ ಅಂತ. ಫೆಬ್ರವರಿ ಕೊನೆಯಲ್ಲಿ ವಾಟರ್ ಪ್ಯೂರಿಫೈಯರ್ ಸರ್ವಿಸ್‌ಗೆ ಹುಡುಗ ಬಂದಿದ್ದ. "ನೀರು ಸಪ್ಪೆ ಅಂತ ನಾನೇ ಹೇಳಿದ್ದೆ ಕಣೇ," ಅಂದರು ಅಮ್ಮ. "ಅದಕ್ಕೆ ಅವನು ಏನೋ ತಿರುಗಿಸಿದ, ಈಗ ರುಚಿ ಬರುತ್ತೆ ಅಂದ. ಆಮೇಲೆ ತಾಮ್ರದ ಒಂದು ಕೊಳವೆ ಹಾಕಿದ. ಬಿಂದಿಗೆ ನೀರಿನ ಹಾಗೆ ಒಳ್ಳೇದಂತೆ."

ಲೆಕ್ಕ

ಮನೆಯ ಆರ್‌ಒ ಯಂತ್ರದಲ್ಲಿ ನೀರು ಪೊರೆಯ ಮೂಲಕ ಹಾದು ತೀರಾ ಸಪ್ಪೆಯಾಗಿ ಬರುತ್ತದೆ. ಕುಡಿಯಲು ರುಚಿ ಬರಲಿ ಅಂತ ಪಕ್ಕದಲ್ಲಿ ಒಂದು ಚಿಕ್ಕ ತಿರುಪು ಇಟ್ಟಿರುತ್ತಾರೆ. ಅದನ್ನು ತಿರುಗಿಸಿದರೆ ಪೊರೆಗೆ ಹೋಗದ ನೀರು ಸ್ವಲ್ಪ ಬಂದು ಸೇರುತ್ತದೆ. ನೀರಿನಲ್ಲಿ ಕರಗಿದ್ದನ್ನು ಅಂದಾಜು ಮಾಡುವ ಟಿಡಿಎಸ್ ಮೀಟರ್ ಅದ್ದಿ ನೋಡಿದೆ. ಬೋರ್ ನೀರು 850. ಪ್ಯೂರಿಫೈಯರ್ ನೀರು 110. ಅಂದರೆ ಹತ್ತು ಲೋಟದಲ್ಲಿ ಸರಿಸುಮಾರು ಒಂದು ಲೋಟ ನೇರ ಬೋರ್ ನೀರು. ಕುಡಿಯುವ ನೀರಾಗಿ ಅದರಲ್ಲಿ ಯಾವ ದೋಷವೂ ಇಲ್ಲ. ಸರ್ವಿಸ್ ಹುಡುಗ ಮಾಡಿದ್ದು ಅವನ ಕೆಲಸ, ಅವನಿಗೆ ಹವಳದ ವಿಷಯ ಯಾರೂ ಹೇಳಿರಲಿಲ್ಲ.

ಆ ನೀರನ್ನೇ ಕಿಟ್‌ನಲ್ಲಿ ಅಳೆದೆ. ಕೆಎಚ್ 2, ನೈಟ್ರೇಟ್ 10. ಬಾಟಲಿಯಲ್ಲಿ ತುಂಬಿ ನೀರು ಪರೀಕ್ಷೆ ಮಾಡುವ ಲ್ಯಾಬಿಗೆ ಕೊಟ್ಟೆ. ತಾಮ್ರ ಲೀಟರಿಗೆ 0.18 ಮಿಲಿಗ್ರಾಂ ಅಂತ ಬಂತು. ನಮ್ಮ ಕುಡಿಯುವ ನೀರಿನ ಮಾನದಂಡದಲ್ಲಿ ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೂ ನಡೆಯುತ್ತದೆ. ತೆರೆದ ಸಮುದ್ರದಲ್ಲಿ ತಾಮ್ರ ಇರುವುದು 0.001ಕ್ಕಿಂತಲೂ ಕಡಿಮೆ.

ಈಗ ಚಿಕ್ಕ ಟ್ಯಾಂಕಿನ ನಿಜವಾದ ಕಷ್ಟಕ್ಕೆ ಬರೋಣ. ಮಾರ್ಚ್ ಬಿಸಿಲಿಗೆ ನೀರು 29 ಡಿಗ್ರಿ ದಾಟಬಾರದು ಅಂತ ಮೇಲೆ ಫ್ಯಾನ್ ಹಾಕಿದ್ದೆ. ದಿನಕ್ಕೆ ಒಂದೂವರೆ ಲೀಟರ್ ಆವಿಯಾಗುತ್ತಿತ್ತು. ಹೋಗುವುದು ಬರೀ ನೀರು. ಉಪ್ಪು ಹೋಗುವುದಿಲ್ಲ, ಸುಣ್ಣ ಹೋಗುವುದಿಲ್ಲ, ತಾಮ್ರವೂ ಹೋಗುವುದಿಲ್ಲ. ಒಂದು ದಿನ ತುಂಬದೇ ಬಿಟ್ಟರೆ 35 ಇದ್ದ ಉಪ್ಪಿನಂಶ 36ರ ಹತ್ತಿರ ಬರುತ್ತದೆ. ಹಾಗಾಗಿ ದಿನಾ ತುಂಬುತ್ತೇವೆ. ನಲವತ್ತು ದಿನಕ್ಕೆ 60 ಲೀಟರ್. ಇಡೀ ಟ್ಯಾಂಕಿನಷ್ಟು ನೀರು ಒಳಗೆ ಹೋಗಿ, ನೀರು ಮಾತ್ರ ಹೊರಗೆ ಹೋಗಿ, ಅದರಲ್ಲಿದ್ದದ್ದೆಲ್ಲ ಒಳಗೇ ಉಳಿಯಿತು.

ಕೆಎಚ್ 2 ಇರುವ ಒಂದೂವರೆ ಲೀಟರ್ 60 ಲೀಟರಿಗೆ ಸೇರಿದರೆ ದಿನಕ್ಕೆ 0.05 ಏರುತ್ತದೆ. ಯಾವ ಕಿಟ್‌ನಲ್ಲೂ ಕಾಣದಷ್ಟು. ತಿಂಗಳಿಗೆ ಒಂದೂವರೆ ಡಿಗ್ರಿ. ಗಟ್ಟಿ ಹವಳ ತುಂಬಿದ ಟ್ಯಾಂಕ್ ಆಗಿದ್ದರೆ ಅವು ಅದನ್ನು ತಿಂದು ಮುಗಿಸುತ್ತಿದ್ದವು. ನನ್ನಲ್ಲಿ ತಿನ್ನುವವರೇ ಇಲ್ಲ. ಏರಿದ ಕೆಎಚ್ ಬಿಸಿಯಾದ ಪಂಪಿನ ಮೇಲೆ ಸುಣ್ಣವಾಗಿ ಕೂತಿತ್ತು, ಥೇಟ್ ನೀರು ಕಾಯಿಸಿದ ಪಾತ್ರೆಯ ಹಾಗೆ. ನೈಟ್ರೇಟ್ ಕೂಡ ಇದೇ ದಾರಿಯಲ್ಲಿ ಬಂದದ್ದು, ತಿಂಗಳಿಗೆ 7.5. ನನ್ನ ಮೀನುಗಳು ಸುಮ್ಮನೆ ಅರೆಹೊಟ್ಟೆಯಲ್ಲಿ ಇದ್ದವು.

ತಾಮ್ರ ದಿನಕ್ಕೆ 0.0045. ನಲವತ್ತೈದು ದಿನಕ್ಕೆ 0.2. ಇನ್ನು ನಾನು ಗಾಬರಿಯಲ್ಲಿ ಮಾಡಿದ 15 ಲೀಟರ್ ಬದಲಾವಣೆಯ ಲೆಕ್ಕ ಕೇಳಿ. ಹತ್ತು ದಿನ ತುಂಬುವ ನೀರಿನಲ್ಲಿ ಬರುವಷ್ಟು ತಾಮ್ರ ಅರ್ಧ ಗಂಟೆಯಲ್ಲಿ ಒಳಗೆ ಹೋಯಿತು. ಜೋವಾಂಥಿಡ್ ಮುಚ್ಚಿಕೊಂಡದ್ದು ಅದಕ್ಕೆ. ಸೀಗಡಿ ಸತ್ತದ್ದೂ ಅದಕ್ಕೇ ಅಂತ ನಾನು ನಂಬಿದ್ದೇನೆ. ಪೊರೆ ಬಿಡುವ ಹೊತ್ತಿನಲ್ಲಿ ಅವುಗಳ ಮೈ ತೀರಾ ಮೆದುವಾಗಿರುತ್ತದೆ.

ಟ್ಯಾಂಕಿನ ನೀರಿನಲ್ಲಿ ತಾಮ್ರದ ಕಿಟ್ ತೋರಿಸಿದ್ದು 0.1ರ ಆಸುಪಾಸು. ಲೆಕ್ಕಕ್ಕಿಂತ ಅರ್ಧ ಕಡಿಮೆ. ಉಳಿದದ್ದು ಮಾಯವಾಗಿರಲಿಲ್ಲ. ಸುಣ್ಣದ ಕಲ್ಲು, ಸುಣ್ಣದ ಮರಳು ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತವೆ, ಆಮೇಲೆ ನಿಧಾನವಾಗಿ ಬಿಡುತ್ತವೆ.

ಸರಿ ಮಾಡಿದ್ದು

ಅಂದೇ ಪ್ಯೂರಿಫೈಯರ್ ನೀರು ನಿಲ್ಲಿಸಿದೆ. ಬದಲಿಗೆ ಏನು? ಪಕ್ಕದ ಮನೆಯವರು ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿಯಿರಿ ಅಂದರು. ಮೀಟರ್ ಅದ್ದಿದರೆ 15 ತೋರಿಸಿತು. ಎಷ್ಟು ಶುದ್ಧ ಅನ್ನಿಸಿತು. ಬಕೆಟ್ ಇಟ್ಟಾಗಲೇ ನೆನಪಾಯಿತು, ಎಷ್ಟೋ ಎಸಿಗಳ ಒಳಗಿನ ಕೊಳವೆ ತಾಮ್ರದ್ದೇ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿದ್ದರ ಒಟ್ಟು ಮೊತ್ತವನ್ನಷ್ಟೇ ಅಂದಾಜು ಮಾಡುತ್ತದೆ. 110ರೊಳಗೆ 0.18 ತಾಮ್ರ ಇದೆಯೋ ಇಲ್ಲವೋ ಅದಕ್ಕೆ ಕಾಣುವುದೇ ಇಲ್ಲ. ಸಣ್ಣ ಸಂಖ್ಯೆ ಕಂಡ ಮಾತ್ರಕ್ಕೆ ನೀರು ಸುರಕ್ಷಿತ ಅಲ್ಲ. ಬ್ಯಾಟರಿಗೆ ಹಾಕುವ ನೀರನ್ನೂ ಬಿಟ್ಟೆ, ಅದು ಎಲ್ಲಿ ಹೇಗೆ ತುಂಬಿದ್ದೋ ನಮಗೆ ತಿಳಿಯುವುದಿಲ್ಲ. ಮಲ್ಪೆಯಿಂದ ಕ್ಯಾನಿನಲ್ಲಿ ಸಮುದ್ರದ ನೀರೇ ತರಿಸೋಣವಾ ಅಂತಲೂ ಯೋಚಿಸಿದೆ. ಬಂದರಿನ ಹತ್ತಿರದ ನೀರಲ್ಲಿ ದೋಣಿಯ ಎಣ್ಣೆ, ತಳದ ಬಣ್ಣ ಎರಡೂ ಇರಬಹುದು. ಅದೂ ಬೇಡ ಅನ್ನಿಸಿತು.

ಕೊನೆಗೆ ಯುಟಿಲಿಟಿಯಲ್ಲಿ ಟ್ಯಾಂಕಿಗೆಂದೇ ಬೇರೆ ಆರ್‌ಒ ಡಿಐ ಹಾಕಿಸಿದೆ. ಮೊದಲು ಕೆಸರು ಹಿಡಿಯುವ ಫಿಲ್ಟರ್, ಆಮೇಲೆ ಕಾರ್ಬನ್, ಆಮೇಲೆ ಪೊರೆ, ಕೊನೆಗೆ ಡಿಐ ರೆಸಿನ್ (ಕರಗಿದ ಲವಣ ಹಿಡಿಯುವ ಸಣ್ಣ ಮಣಿಗಳು). ರುಚಿಯ ತಿರುಪು ಇಲ್ಲ. ಪೊರೆ ಬಿಟ್ಟುಕೊಡುವ ಚೂರುಪಾರನ್ನೂ ರೆಸಿನ್ ಹಿಡಿಯುತ್ತದೆ, ತಾಮ್ರವನ್ನೂ ಸೇರಿಸಿ. ಹೊರಗೆ ಬರುವ ನೀರು 0. ಅದು 1 ತೋರಿಸಿದ ದಿನವೇ ರೆಸಿನ್ ಬದಲಿಸುತ್ತೇನೆ, ಮುಗಿಯುತ್ತಾ ಬಂದ ರೆಸಿನ್ ಹಿಡಿದಿದ್ದನ್ನು ಬಿಡತೊಡಗುತ್ತದೆ. ಪೊರೆ ದಾಟದೆ ಹೊರಬೀಳುವ ನೀರು ಜಾಸ್ತಿ, ಅದು ನೆಲ ಒರೆಸಲು ಮತ್ತು ಟಾಯ್ಲೆಟ್ಟಿಗೆ ಹೋಗುತ್ತದೆ. ನೀರಿಗೆ ಟ್ಯಾಂಕರ್ ಕಾಯುವ ಊರಿನಲ್ಲಿ ಅದನ್ನು ಚರಂಡಿಗೆ ಬಿಡಲು ಮನಸ್ಸು ಬರುವುದಿಲ್ಲ.

ಆ ನೀರಿನಲ್ಲಿ ಉಪ್ಪು ಕಲಸಿ ಮೂರು ದಿನಕ್ಕೊಮ್ಮೆ 12 ಲೀಟರ್ ಬದಲಿಸಿದೆ. ಒಂದೇ ಸಲ ಅರ್ಧ ಟ್ಯಾಂಕ್ ಬದಲಿಸುವ ಆಸೆ ಆಯಿತು. ಆದರೆ ಕೆಎಚ್ 11.5ರಿಂದ 8ಕ್ಕೆ ಧಡಕ್ಕನೆ ಇಳಿದರೆ ಅದೇ ಇನ್ನೊಂದು ಪೆಟ್ಟು. 12 ಲೀಟರಿಗೆ 0.7 ಇಳಿಯುತ್ತದೆ, ಅಷ್ಟು ಸಾಕು. ಹೊಸ ಉಪ್ಪುನೀರನ್ನು ಒಂದು ರಾತ್ರಿ ಪಂಪು ಹಾಕಿ ಕಲಕಿ, ಬಿಸಿ ಮತ್ತು ಉಪ್ಪಿನಂಶ ಹೊಂದಿಸಿಯೇ ಹಾಕಿದೆ. ಆಗ ಇನ್ನೊಂದು ತಪ್ಪೂ ಸಿಕ್ಕಿತು. ಉಪ್ಪಿನಂಶ ನೋಡುವ ರಿಫ್ರಾಕ್ಟೋಮೀಟರನ್ನು ಇಷ್ಟು ದಿನ ಬರೀ ನೀರಿನಲ್ಲಿ ಸೊನ್ನೆಗೆ ಹೊಂದಿಸಿ ಅಷ್ಟಕ್ಕೇ ಬಿಡುತ್ತಿದ್ದೆ. 35ರ ಅಳತೆಯ ದ್ರಾವಣದಲ್ಲಿ ನೋಡಿದರೆ ಅದು 37 ತೋರಿಸುತ್ತಿತ್ತು. ನನ್ನ 35 ನಿಜವಾಗಿ 33. ಅದನ್ನೂ ಎರಡು ವಾರದಲ್ಲಿ ನಿಧಾನವಾಗಿ ಮೇಲಕ್ಕೆ ತಂದೆ.

ಫಿಲ್ಟರಿನಲ್ಲಿ ಕಾರ್ಬನ್ ಜೊತೆ ಲೋಹ ಹೀರುವ ಪ್ಯಾಡ್ ಇಟ್ಟೆ. ಐದನೇ ದಿನ ಅದರ ಅಂಚು ಹಸಿರುನೀಲಿ ಆಗಿತ್ತು. ಬೋರ್ಡೋ ಹೊಡೆದ ಅಡಿಕೆ ಗೊನೆಯ ಬಣ್ಣ. ಅದನ್ನು ನೋಡಿದಾಗ ಸಮಾಧಾನವೂ ಆಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು. ಚಿಕ್ಕಪ್ಪನಿಗೆ ಫೋಟೋ ಕಳಿಸಿದೆ.

ಮರಳನ್ನು ವಾರಕ್ಕೆ ಕಾಲು ಭಾಗದಂತೆ ಪೂರ್ತಿ ತೆಗೆದೆ. ಕಲ್ಲಿನಲ್ಲಿ ಅರ್ಧ ಬದಲಿಸಿದೆ. ಎಲ್ಲವನ್ನೂ ಒಟ್ಟಿಗೆ ತೆಗೆದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಕೂಡ ಹೋಗುತ್ತವೆ, ಆಗ ಮೀನಿಗೇ ಕುತ್ತು.

ಮೇ ಕೊನೆಗೆ ಕೆಎಚ್ 8.2, ನೈಟ್ರೇಟ್ 6, ತಾಮ್ರ ಕಿಟ್‌ನಲ್ಲಿ ಕಾಣದಷ್ಟು. ಜೋವಾಂಥಿಡ್‌ನ ಎರಡು ಗುಂಪಿನಲ್ಲಿ ಒಂದು ತೆರೆದುಕೊಂಡಿತು, ಇನ್ನೊಂದು ಉಳಿಯಲಿಲ್ಲ. ಲೆದರ್ ಕೋರಲ್ ಮೇಲಿನ ಮೇಣದಂಥ ಪೊರೆ ಕಳಚಿ ಮತ್ತೆ ಮೈ ಬಿಚ್ಚಿತು. ಮಶ್ರೂಮ್‌ಗಳು ಇಡೀ ಕಥೆಯನ್ನು ಮುದುಡಿಕೊಂಡೇ ದಾಟಿದವು.

ಕಿಟ್‌ಗೆ ಕಾಣದಷ್ಟು ಅಂದರೆ ಇಲ್ಲ ಅಂತ ಅಲ್ಲ. ಅದಕ್ಕೇ ಜುಲೈವರೆಗೆ ಕಾದು ಒಂದೇ ಒಂದು ಬಸವನಹುಳು ತಂದು ಬಿಟ್ಟೆ. ಇಂದಿಗೆ ಏಳು ವಾರ. ಗಾಜಿನ ಮೇಲೆ ರಾತ್ರಿ ಅದು ಮೇಯ್ದ ದಾರಿ ಬೆಳಿಗ್ಗೆ ಅಂಕುಡೊಂಕಾಗಿ ಕಾಣುತ್ತದೆ. ಸೀಗಡಿಯನ್ನು ಇನ್ನೂ ತಂದಿಲ್ಲ, ಪ್ಯಾಡ್ ಎರಡು ತಿಂಗಳು ಬಣ್ಣ ಬದಲಿಸದೇ ಇರಲಿ ಅಂತ ಕಾಯುತ್ತಿದ್ದೇನೆ. ಅಡುಗೆಮನೆಯ ತಾಮ್ರದ ಕೊಳವೆ ಅಲ್ಲೇ ಇದೆ. ಅಮ್ಮನಿಗೆ ಆ ನೀರೇ ರುಚಿ. ಯುಟಿಲಿಟಿಯ ನಲ್ಲಿಯ ಮೇಲೆ ಅವರೇ ಒಂದು ಚೀಟಿ ಅಂಟಿಸಿದ್ದಾರೆ: ಇದು ಮೀನಿನ ನೀರು, ಕುಡಿಯಬೇಡಿ.